ಮಗನಿಗೆ ಕ್ಲಾಸಿನ ಹುಡುಗರ ಕಾಟ. ಶಾಲೆಯವರು ರಾಜಿ ಮಾಡಿಸ್ತೀವಿ ಅಂತಾರೆ, ನಾನು ಅವರ ಲೀಡರ್ ಹುಡುಗನಿಗೆ ಟಿಸಿ ಕೊಡಿ ಅಂತಿದೀನಿ. ಯಾವುದು ಸರಿ?

ಎರಡೂ ಸರಿಯಲ್ಲ ತಾಯಿ.

ಎಂಟನೇ ಕ್ಲಾಸಿನ ಹುಡುಗ, ಮೂರು ಜನ ಸೇರಿ ಗೋಳು ಹುಯ್ದುಕೊಳ್ಳುತ್ತಾರೆ, ಕ್ಲಾಸ್ ಟೀಚರ್ "ನಾಲ್ಕೂ ಜನಾನ ಒಟ್ಟಿಗೆ ಕೂರಿಸಿ ಕೈ ಕುಲುಕಿಸ್ತೀನಿ, ಸರಿಹೋಗುತ್ತೆ" ಅಂದರು ಅಂತ ಬರೆದಿದ್ದೀರಿ. ಆ ಸಾಲನ್ನು ಎರಡು ಸಲ ಓದಿದೆ. 2011ರಲ್ಲಿ ಇದೇ ಮಾತನ್ನು ಒಬ್ಬ ತಾಯಿಗೆ ನಾನು ಹೇಳಿದ್ದೆ. ಕೈಯನ್ನೂ ಕುಲುಕಿಸಿದ್ದೆ.

ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಈಗ ರಿಟೈರ್ ಆಗಿದೀನಿ. ಆ ವರ್ಷ ಎಂಟನೇ ಕ್ಲಾಸ್ ಬಿ ಸೆಕ್ಷನ್ ನನ್ನದು, 46 ಮಕ್ಕಳು. ಅದರಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಹಸುವಿಗೆ ಹುಲ್ಲು ಹಾಕಿ, ಐದು ಕಿಲೋಮೀಟರ್ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅಪ್ಪ ಬೆಂಗಳೂರಲ್ಲಿ ವಾಚ್‌ಮನ್ ಕೆಲಸ, ಮನೆಯಲ್ಲಿ ತಾಯಿ ಒಬ್ಬರೇ. ವಾರದಲ್ಲಿ ಎರಡು ದಿನವಾದರೂ ಪ್ರೇಯರ್ ಮುಗಿದ ಮೇಲೆಯೇ ಬರೋದು. ಮೈಗೆ ಕೊಟ್ಟಿಗೆ ವಾಸನೆ. ಲೆಕ್ಕದಲ್ಲಿ ಮಾತ್ರ ಚುರುಕು. ಬೋರ್ಡ್ ಮೇಲೆ ನಾನು ಅರ್ಧ ಬರೆಯುವಷ್ಟರಲ್ಲಿ ಉತ್ತರ ಹೇಳಿಬಿಡೋನು.

ಕ್ಲಾಸಿನಲ್ಲಿ ಅವನ ಹೆಸರು 'ಡೇರಿ'.

ಕಾಟ ಏನು ಅಂತ ಕೇಳಿದರೆ ನಿಮಗೆ ಸಣ್ಣದು ಅನ್ನಿಸಬಹುದು. ವಿರಾಮದ ಲಾಂಗ್ ಬೆಲ್ ಆದ ತಕ್ಷಣ ಮೂರು ಹುಡುಗರು ಅವನನ್ನು ಗೋಡೆಗೆ ಒತ್ತಿ ನಿಲ್ಲಿಸೋದು. ಒಬ್ಬ ಕಾಲರ್ ಒಳಗೆ ಪೆನ್ನು ತೂರಿಸಿ, ಡೇರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರಾ ಅಂತ ನೋಡೋ ಹಾಗೆ, "ಲ್ಯಾಕ್ಟೋಮೀಟರ್ ಹಾಕಿದೀನಿ" ಅನ್ನೋದು. ಇನ್ನೊಬ್ಬ ಕೆನ್ನೆ ಹಿಂಡಿ "ಫ್ಯಾಟ್ ಎಷ್ಟು ಬಂತ್ಲಾ?" ಅನ್ನೋದು. ಸುತ್ತ ನಿಂತವರು "ನೀರ್ ಹಾಕಿದಾನೆ, ನೀರ್ ಹಾಕಿದಾನೆ" ಅಂತ ಕೂಗೋದು. ಸಂಜೆ ಸೈಕಲ್ ಗಾಳಿ ಬಿಡೋದು. ಆಗ ಎಂಟನೇ ಕ್ಲಾಸಿನವರಿಗೆ ಸರ್ಕಾರದ್ದೇ ಸೈಕಲ್ ಬರುತ್ತಿತ್ತು. ಎಲ್ಲರದ್ದೂ ಒಂದೇ ಥರ ಇರೋದು, ಆದರೂ ಗಾಳಿ ಹೋಗುತ್ತಿದ್ದದ್ದು ಅವನೊಬ್ಬನದೇ. ಐದು ಕಿಲೋಮೀಟರ್ ತಳ್ಳಿಕೊಂಡು ಹೋಗೋನು. ಇದೆಲ್ಲ ಒಂದು ದಿನದ್ದಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ದಿನಾ ನಡೆದದ್ದು. ನಾನು ಅದೇ ಕಾರಿಡಾರಿನಲ್ಲಿ ದಿನಾ ಓಡಾಡುತ್ತಿದ್ದೆ. ಹುಡುಗರು ಆಡ್ಕೋತಿದಾರೆ ಅಂದುಕೊಂಡಿದ್ದೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನೋ ಗಾದೆಯನ್ನು ಮಕ್ಕಳಿಗೆ ಹೇಳಿಕೊಡೋರು ನಾವೇ, ಕಣ್ಣೆದುರು ನಡೆಯುವಾಗ ಮಾತ್ರ ಕಾಣಲ್ಲ.

ಆಗಸ್ಟ್‌ನಲ್ಲಿ ಅವನ ತಾಯಿ ಬಂದರು. ಸ್ಟಾಫ್ ರೂಮ್ ಒಳಗೆ ಬರಲಿಲ್ಲ, ಬೇವಿನ ಮರದ ಹತ್ತಿರ ನಿಂತು ಹೇಳಿಕಳಿಸಿದರು. ಎಲ್ಲ ಹೇಳಿದ ಮೇಲೆ ಕೊನೆಗೆ ಒಂದು ಮಾತು ಅಂದರು: "ನಾನ್ ಬಂದಿದ್ದೆ ಅಂತ ಅವ್ನಿಗೂ ಗೊತ್ತಾಗೋದ್ ಬ್ಯಾಡ ಸಾ."

ನಾನು "ನೀವು ನಿಶ್ಚಿಂತೆಯಿಂದ ಹೋಗಮ್ಮ, ನಾನು ನೋಡ್ಕೋತೀನಿ" ಅಂದೆ.

ಇಲ್ಲಿಂದ ಮುಂದೆ ಅರ್ಧ ಗಂಟೆಯಲ್ಲಿ ನಾನು ಮಾಡಿದ್ದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ. ನಿಮ್ಮ ಶಾಲೆಯವರು ಮಾಡ ಹೊರಟಿರುವುದೂ ಅದನ್ನೇ.

ನಾಲ್ಕನೇ ಪೀರಿಯಡ್ ನಡೆಯುತ್ತಿತ್ತು. ಜವಾನನ ಕೈಲಿ ಚೀಟಿ ಕಳಿಸಿದೆ. ನಾಲ್ಕು ಹೆಸರು ಬರೆದು, ಸ್ಟಾಫ್ ರೂಮಿಗೆ ಕಳಿಸಿ ಅಂತ. ವಿಜ್ಞಾನದ ಮೇಡಂ ಆ ಚೀಟಿಯನ್ನು ಜೋರಾಗಿ ಓದಿದರು. 46 ಮಕ್ಕಳಿಗೂ ಆ ಕ್ಷಣದಲ್ಲೇ ಗೊತ್ತಾಯಿತು, 'ಡೇರಿ' ಕಂಪ್ಲೇಂಟ್ ಕೊಟ್ಟಿದ್ದಾನೆ ಅಂತ. ಪಾಪ, ಅವನು ಯಾರಿಗೂ ಏನೂ ಹೇಳಿರಲಿಲ್ಲ. ಮೂರು ತಿಂಗಳು ಬಾಯಿ ಬಿಡದೆ ಸಹಿಸಿಕೊಂಡಿದ್ದ. ಆ ಮರ್ಯಾದೆಯನ್ನೂ ನಾನು ತೆಗೆದೆ.

ಆಮೇಲೆ ನಾಲ್ವರನ್ನೂ ಸಾಲಾಗಿ ನಿಲ್ಲಿಸಿದೆ. ಅವನನ್ನು ಎಲ್ಲಿ ನಿಲ್ಲಿಸಿದೆ ಗೊತ್ತಾ? ಆ ಮೂವರ ಪಕ್ಕದಲ್ಲೇ. ಮೊದಲನೆಯವನ ಮೊಣಕೈ ಇವನಿಗೆ ತಾಗುವಷ್ಟು ಹತ್ತಿರ. ನ್ಯಾಯ ಅಂದರೆ ಇಬ್ಬರ ಮಾತನ್ನೂ ಎದುರುಬದುರು ಕೇಳೋದು ಅಂತ ನನ್ನ ತಲೆಯಲ್ಲಿತ್ತು. ಪಂಚಾಯ್ತಿ ಕಟ್ಟೆಯ ಅಭ್ಯಾಸ. ಜಮೀನಿನ ತಗಾದೆಗೆ ಅದು ಸರಿ, ಇಬ್ಬರಿಗೂ ಬಾಯಿ ಇರುತ್ತದೆ. ಇಲ್ಲಿ ಒಬ್ಬನ ಬಾಯಿಯನ್ನು ಮೂರು ತಿಂಗಳಿಂದ ಕಟ್ಟಿಹಾಕಿದ್ದರು. ಕಟ್ಟಿದವರ ಎದುರಿಗೇ ಬಾಯಿ ಬಿಡು ಅಂದೆ.

"ಇವರೇನಾ? ಧೈರ್ಯವಾಗಿ ಹೇಳು, ನಾನಿದೀನಿ" ಅಂತ ಕೇಳಿದೆ.

"ಇಲ್ಲ ಸಾರ್. ಸುಮ್ನೆ ಆಟ ಆಡ್ತಿದ್ವಿ" ಅಂದ.

ನನಗೆ ಆಗ ಒಳಗೊಳಗೇ ನಿರಾಳ ಆಯಿತು. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯಬೇಕು. ಹುಡುಗ ಹೂಂ ಅಂದಿದ್ದರೆ ನಾನು ಹೆಡ್ ಮಾಸ್ಟರಿಗೆ ಹೇಳಬೇಕಿತ್ತು, ಮೂರು ಮನೆಗೆ ಹೇಳಿಕಳಿಸಬೇಕಿತ್ತು. ಆ ಮೂವರಲ್ಲಿ ಒಬ್ಬನ ಚಿಕ್ಕಪ್ಪ ಶಾಲೆಯ ಉಸ್ತುವಾರಿ ನೋಡೋ ಎಸ್‌ಡಿಎಂಸಿ ಸಮಿತಿಯಲ್ಲಿ ಇದ್ದರು. ಇಲ್ಲ ಅಂದದ್ದರಿಂದ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೂ ಮೇಷ್ಟ್ರಲ್ವಾ, ಏನಾದರೂ ಮಾಡಿದ ಹಾಗಿರಲಿ ಅಂತ, "ಮತ್ತೆ ನಿಮ್ಮ ತಾಯಿ ಸುಮ್ನೆ ಬಂದು ಹೇಳ್ತಾರಾ?" ಅಂದುಬಿಟ್ಟೆ. ಬೇವಿನ ಮರದ ಕೆಳಗೆ ಕೊಟ್ಟ ಮಾತು ಅರ್ಧ ಗಂಟೆಯೂ ಉಳಿಯಲಿಲ್ಲ.

ಕೊನೆಗೆ ಕೈ ಕೊಡಿ ಅಂದೆ. ಮೂವರೂ ಒಬ್ಬೊಬ್ಬರಾಗಿ ಅವನಿಗೆ ಕೈ ಕೊಟ್ಟರು. ನಿಜ ಹೇಳಬೇಕು ಅಂದರೆ ಅವತ್ತು ಆ ಹುಡುಗನಿಗೆ ಕೈ ಕೊಟ್ಟವನು ನಾನು. ಮೂರನೆಯವನು ಕೈ ಹಿಡಿದಾಗ ಹುಡುಗನ ಮುಖ ಸ್ವಲ್ಪ ಕಿವುಚಿಕೊಂಡಿತು. ನೋಡಿದೆ. ಬೆರಳು ಹಿಚುಕಿದ್ದಾನೆ ಅಂತ ಹೊಳೆಯಲಿಲ್ಲ. ಹೊಳೆಯಿತೋ ಏನೋ, ಬೆಲ್ ಹೊಡೆದಿತ್ತು, ಊಟದ ಹೊತ್ತು.

ಮರುದಿನದಿಂದ ಲಾಂಗ್ ಬೆಲ್ ಹೊತ್ತಿಗೆ ಗಲಾಟೆಯೇ ಇಲ್ಲ. ಸ್ಟಾಫ್ ರೂಮಲ್ಲಿ ಎಲ್ಲರಿಗೂ ಹೇಳಿಕೊಂಡೆ, ಎರಡು ಮಾತಿನಲ್ಲಿ ಬಗೆಹರಿಸಿದೆ ಅಂತ. ಗಲಾಟೆ ಕೆರೆ ಏರಿಯ ಮೇಲಕ್ಕೆ ಹೋಗಿತ್ತು, ಶಾಲೆ ಬಿಟ್ಟ ಮೇಲೆ, ನಮ್ಮ ಕಣ್ಣಿಗೆ ಬೀಳದ ಕಡೆ. ಹಾಡು ಕೂಡ ಬದಲಾಗಿತ್ತು: "ಅಮ್ಮನ್ ಕರ್ಕೊಂಡ್ ಬಾರ್ಲಾ ಡೇರಿ." ದಸರಾ ರಜೆ ಮುಗಿದ ಮೇಲೆ ಅವನು ಸೈಕಲ್ ತರೋದು ಬಿಟ್ಟ. ಕೇಳಿದರೆ ಪಂಕ್ಚರ್ ಸಾರ್ ಅಂದ. ಪಂಕ್ಚರ್ ಹಾಕಿಸೋಕೆ ಎರಡು ತಿಂಗಳು ಬೇಕಾ ಅಂತ ನಾನು ಕೇಳಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಪೇಪರಿನಲ್ಲಿ ಹೆಸರು, ನಂಬರ್ ಬರೆದು ಖಾಲಿ ಕೊಟ್ಟಿದ್ದ. ಜನವರಿಯಲ್ಲಿ ತಾಯಿ ಮತ್ತೆ ಬಂದರು. ಈ ಸಲ ಮರದ ಹತ್ತಿರ ನಿಲ್ಲಲಿಲ್ಲ, ನೇರ ಆಫೀಸಿಗೆ ಹೋಗಿ ಟಿಸಿ ಕೇಳಿದರು. ತಿಪಟೂರಿನ ಹತ್ತಿರ ತಮ್ಮನ ಮನೆಯಲ್ಲಿ ಬಿಡ್ತೀನಿ ಅಂದರು. ಕಾರಣದ ಕಾಲಮ್ಮಿನಲ್ಲಿ "ಪೋಷಕರ ಕೋರಿಕೆ ಮೇರೆಗೆ" ಅಂತ ಬರೆದದ್ದು ನನ್ನ ಕೈಬರಹ.

ನೀವು ಟಿಸಿ ಅಂತ ಬರೆದಿದ್ದು ನೋಡಿ ಇದೇ ನೆನಪಾಯಿತು. ಇಂಥ ಜಗಳದಲ್ಲಿ ಶಾಲೆ ಬಿಟ್ಟು ಹೋಗೋನು ಹೆಚ್ಚಿನ ಸಲ ಪೆಟ್ಟು ತಿಂದವನೇ.

ಆಮೇಲೆ ಈ ವಿಷಯ ಓದೋಕೆ ಶುರು ಮಾಡಿದೆ. ತಪ್ಪು ಮಾಡಿದ ಮೇಲೆ ಓದಿದ್ದು, ಅದೂ ಒಂದು ಚಟ. ನಾರ್ವೆ ದೇಶದಲ್ಲಿ 1982ರಲ್ಲಿ ಮೂವರು ಹುಡುಗರು ತಾವೇ ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣ ಅಂತ ದೇಶವೆಲ್ಲ ಮಾತಾಡಿತು. ಮರುವರ್ಷ ಅಲ್ಲಿನ ಸರ್ಕಾರ ಇಡೀ ದೇಶದ ಶಾಲೆಗಳಲ್ಲಿ ಇದರ ವಿರುದ್ಧ ಕೆಲಸ ಶುರು ಮಾಡಿತು. ಅದರ ಹಿಂದೆ ಇದ್ದ ಡಾನ್ ಓಲ್ವಿಯಸ್ ಅನ್ನೋ ಮನಶ್ಶಾಸ್ತ್ರಜ್ಞ ಜಗಳಕ್ಕೂ ಕಾಟಕ್ಕೂ ಗೆರೆ ಎಳೆದರು. ಬೇಕಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ಮಾಡುವವನ ಬಲ ಜಾಸ್ತಿ, ಪೆಟ್ಟು ತಿನ್ನುವವನ ಬಲ ಕಡಿಮೆ ಇರೋದು. ಈ ಮೂರೂ ಇದ್ದರೆ ಅದು ಜಗಳ ಅಲ್ಲ. ಜಗಳಕ್ಕೆ ರಾಜಿ ಇದೆ. ಕಾಟಕ್ಕೆ ರಾಜಿ ಇಲ್ಲ, ಯಾಕಂದರೆ ತಿನ್ನುವವನ ಕಡೆಯಿಂದ ಬಿಟ್ಟುಕೊಡೋಕೆ ಏನೂ ಇರಲ್ಲ. ನನ್ನ ಹುಡುಗ ಏನು ಬಿಟ್ಟುಕೊಡಬೇಕಿತ್ತು? ಹಾಲು ಹಾಕೋದನ್ನಾ?

ಇನ್ನೊಂದು, ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಬರೆದದ್ದು. ಕಾಟ ಕೊಡೋನು, ತಿನ್ನೋನು ಇಬ್ಬರನ್ನೇ ನೋಡಬೇಡಿ, ಸುತ್ತ ನಿಂತವರನ್ನು ನೋಡಿ ಅಂತಾರೆ ಅವರು. ಕೈಜೋಡಿಸೋರು, ನಕ್ಕು ಹುರಿದುಂಬಿಸೋರು, ಕಂಡೂ ಕಾಣದ ಹಾಗೆ ಹೋಗೋರು, ಅಪರೂಪಕ್ಕೆ ಬಿಡಿಸೋರು. ಓದುತ್ತಾ ನನ್ನ ಕ್ಲಾಸಿನ ಒಂದೊಂದೇ ಮುಖ ಕಣ್ಣಿಗೆ ಬಂತು. ಮೂರು ಜನ ಕಾಟ ಕೊಟ್ಟರು ಸರಿ. "ನೀರ್ ಹಾಕಿದಾನೆ" ಅಂತ ಕೂಗಿದವರು ಹದಿನೈದು ಜನ ಇದ್ದರು. ಆ ಕೂಗು ಇಲ್ಲದಿದ್ದರೆ ಆ ಪೆನ್ನಿನ ಆಟ ಎರಡು ದಿನವೂ ನಡೆಯುತ್ತಿರಲಿಲ್ಲ. ನೋಡೋರಿಲ್ಲದ ನಾಟಕ ಯಾರು ಆಡ್ತಾರೆ?

ಮತ್ತೆ 'ಡೇರಿ' ಅನ್ನೋ ಹೆಸರು. ಅದನ್ನು ಇಟ್ಟವರು ಯಾರು ಅಂತ ನೀವು ಕೇಳಲಿಲ್ಲ, ನಾನೂ ಬಹಳ ದಿನ ಕೇಳಿಕೊಳ್ಳಲಿಲ್ಲ. ಜೂನ್ ಎರಡನೇ ವಾರ ಅವನು ತಡವಾಗಿ ಬಾಗಿಲಲ್ಲಿ ನಿಂತಾಗ "ಬನ್ನಿ ಡೇರಿ ಸೆಕ್ರೆಟರಿಗಳೇ, ಫ್ಯಾಟ್ ಎಷ್ಟು ಬಂತು ಇವತ್ತು?" ಅಂದಿದ್ದು ನಾನು. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನು ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಬೆತ್ತ ಬಿಟ್ಟಿದ್ದೆವು, ನಾಲಿಗೆ ಬಿಟ್ಟಿರಲಿಲ್ಲ. ನಿಮ್ಮ ಮಗನ ಅಡ್ಡಹೆಸರು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ ನೋಡಿ. ಸ್ಟಾಫ್ ರೂಮಿನಿಂದಲೇ ಬಂದಿದ್ದರೆ ಆಶ್ಚರ್ಯ ಪಡಬೇಡಿ.

2014ರಲ್ಲಿ ಇನ್ನೊಂದು ಸಲ ಬಂತು. ಒಂಬತ್ತನೇ ಕ್ಲಾಸಿನ ಹುಡುಗಿ, ಸ್ವಲ್ಪ ತೊದಲು. ಪ್ರೇಯರ್‌ನಲ್ಲಿ ಪೇಪರ್ ಓದುವ ಸರದಿ ಬಂದಾಗ ತೊದಲಿದಳು. ಅವತ್ತಿನಿಂದ ಹುಡುಗಿಯರ ಒಂದು ಗುಂಪು ಅವಳ ಹತ್ತಿರ ಮಾತು ಬಿಟ್ಟಿತು. ಹುಡುಗಿಯರ ಕಾಟದಲ್ಲಿ ಹೆಚ್ಚಿನ ಸಲ ಹೊಡೆತ ಇರಲ್ಲ, ಹರಿದ ಶರ್ಟು ಇರಲ್ಲ. ಬಿಸಿಯೂಟಕ್ಕೆ ಅವಳು ತಟ್ಟೆ ಹಿಡಿದು ಬಂದರೆ ಎಲ್ಲರೂ ಎದ್ದು ಇನ್ನೊಂದು ಕಡೆ ಕೂರುತ್ತಾರೆ, ಅಷ್ಟೇ. ಹೆಡ್ ಮಾಸ್ಟರಿಗೆ ಹೇಳಿದರೆ "ಮಾತು ಬಿಟ್ಟಿದ್ದಕ್ಕೆಲ್ಲ ಏನ್ರೀ ಮಾಡೋದು" ಅಂದರು.

ಈ ಸಲ ಯಾರನ್ನೂ ಕರೆಯಲಿಲ್ಲ. ಒಂದು ವಾರ ಸುಮ್ಮನೆ ನೋಡಿದೆ, ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಜಾಗ ಬರೆದುಕೊಂಡೆ. ಆಮೇಲೆ ಗುಂಪಿನ ಹುಡುಗಿಯರನ್ನು ಒಬ್ಬೊಬ್ಬರಾಗಿ, ಬೇರೆ ಬೇರೆ ದಿನ, ಬೇರೆ ಬೇರೆ ನೆಪದಲ್ಲಿ ಮಾತಾಡಿಸಿದೆ. ಒಬ್ಬಳಿಗೆ ಚಾಕ್‌ಪೀಸ್ ತಾ ಅಂದೆ, ಇನ್ನೊಬ್ಬಳಿಗೆ ನೋಟ್ಸ್ ಕಟ್ಟು ತಗೊಂಡು ಬಾ ಅಂದೆ. "ಅವಳು ಹೇಳಿದಳು" ಅನ್ನೋ ಮಾತೇ ಎತ್ತಲಿಲ್ಲ. "ಬುಧವಾರ ಊಟದ ಹೊತ್ತಲ್ಲಿ ನೀನು ತಟ್ಟೆ ಎತ್ಕೊಂಡು ಹೋಗಿದ್ದನ್ನ ನಾನೇ ನೋಡಿದೆ. ನಾಳೆಯಿಂದ ಅದು ಆಗಬಾರದು" ಅಂತ ಇಷ್ಟೇ. ಒಂಟಿಯಾಗಿ ಸಿಕ್ಕಾಗ ಮಕ್ಕಳು ಬೇರೆಯೇ ಇರುತ್ತಾರೆ. ಇಬ್ಬರು ಅತ್ತರು. ಒಬ್ಬಳು ಮಾತ್ರ ಉದ್ಧಟವಾಗಿ ನಿಂತಿದ್ದಳು.

ಆಮೇಲೆ ಎರಡನೇ ಬೆಂಚಿನ ಒಂದು ಹುಡುಗಿಯನ್ನು ಕರೆದೆ. ಗುಂಪಿಗೆ ಸೇರಿದವಳಲ್ಲ, ನಗೋಳೂ ಅಲ್ಲ, ಆದರೆ ಕಬಡ್ಡಿ ಕ್ಯಾಪ್ಟನ್, ಅವಳ ಮಾತಿಗೆ ತೂಕ ಇತ್ತು. "ಊಟಕ್ಕೆ ಅವಳ ಪಕ್ಕ ಕೂತ್ಕೋತೀಯಾ?" ಅಂತ ಕೇಳಿದೆ. "ಹೂಂ ಸಾರ್" ಅಂದಳು, ಯಾಕೆ ಅಂತಲೂ ಕೇಳಲಿಲ್ಲ. ಫಿನ್ಲೆಂಡಿನ ಶಾಲೆಗಳಲ್ಲಿ ಕಿವಾ ಅಂತ ಒಂದು ಕಾರ್ಯಕ್ರಮ ಇದೆ. ಅದರಲ್ಲೂ ಕಾಟ ಕೊಡೋರನ್ನು ಒಬ್ಬೊಬ್ಬರಾಗಿ ಮಾತಾಡಿಸಿ, ಕ್ಲಾಸಿನಲ್ಲಿ ಒಳ್ಳೆ ಹೆಸರಿರೋ ಎರಡು ಮೂರು ಮಕ್ಕಳಿಗೆ ಪೆಟ್ಟು ತಿಂದವರ ಜೊತೆ ನಿಲ್ಲೋಕೆ ಹೇಳ್ತಾರೆ ಅಂತ ಆಮೇಲೆ ಓದಿ ಖುಷಿಯಾಯಿತು. ಮೂರು ವಾರ ಹಿಡಿಯಿತು. ಪ್ರತಿ ಶನಿವಾರ ಆ ತೊದಲೋ ಹುಡುಗಿಯನ್ನು ಬೇರೆ ನೆಪದಲ್ಲಿ ಕರೆದು ಕೇಳುತ್ತಿದ್ದೆ. ಎಲ್ಲ ಸರಿಹೋಯಿತು ಅಂತ ಹೇಳಲ್ಲ. ಆ ಉದ್ಧಟ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಅವಳ ಹತ್ತಿರ ಮಾತಾಡಲಿಲ್ಲ. ಆದರೆ ಊಟಕ್ಕೆ ಯಾರೂ ಎದ್ದು ಹೋಗಲಿಲ್ಲ.

ಈಗ ನಿಮ್ಮ ಟಿಸಿ ವಿಷಯ. ಕೋಪ ಅರ್ಥ ಆಗುತ್ತೆ. ಆದರೆ ನಿಮ್ಮ ಮಗ ಎಂಟನೇ ಕ್ಲಾಸು ಅಂದರೆ ಆ ಹುಡುಗನೂ ಎಂಟನೇ ಕ್ಲಾಸು. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯೋವರೆಗೆ ಮಗುವನ್ನು ಶಾಲೆಯಿಂದ ಹೊರಹಾಕೋ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಫೇಲ್ ಮಾಡೋಕೆ ದಾರಿ ಕೊಟ್ಟರು, ಹೊರಹಾಕೋಕೆ ಕೊಡಲಿಲ್ಲ. ಕಾನೂನು ಬದಿಗಿರಲಿ, ಅವನೊಬ್ಬ ಹೋದರೆ ಉಳಿದ ಇಬ್ಬರಲ್ಲಿ ಒಬ್ಬ ಲೀಡರ್ ಆಗ್ತಾನೆ. ನಗೋರು ಅಲ್ಲೇ ಇರ್ತಾರಲ್ಲ. ಅವನ ಅಪ್ಪನನ್ನು ಕರೆಸಿ ಬೈಯಿಸೋದೂ ಬೇಡ. ನಮ್ಮಲ್ಲಿ ಒಬ್ಬ ಅಪ್ಪ ಆಫೀಸ್ ಬಾಗಿಲಲ್ಲೇ ಬೆಲ್ಟ್ ಬಿಚ್ಚಿ ಮಗನಿಗೆ ಬಾರಿಸಿದ್ದರು. ದೊಡ್ಡವನು ಚಿಕ್ಕವನಿಗೆ ಹೇಗೆ ಹೊಡೀಬೇಕು ಅನ್ನೋ ಪಾಠ ಆ ಹುಡುಗ ಎಲ್ಲಿ ಕಲಿತ ಅಂತ ಅವತ್ತು ಗೊತ್ತಾಯಿತು.

ಶಾಲೆಗೆ ಹೋಗಿ "ಏನು ಕ್ರಮ ತಗೋತೀರಿ" ಅಂತ ಕೇಳಬೇಡಿ. ಕ್ರಮ ಅಂದ ತಕ್ಷಣ ನಮಗೆ ಮೇಷ್ಟ್ರುಗಳಿಗೆ ಪಂಚಾಯ್ತಿ ನೆನಪಾಗುತ್ತದೆ. ಲಾಂಗ್ ಬೆಲ್‌ನಲ್ಲಿ ಯಾರು ಎಲ್ಲಿ ನಿಂತಿರ್ತಾರೆ ಅಂತ ಕೇಳಿ. ಸಂಜೆ ಗೇಟಿನ ಹತ್ತಿರ, ಟಾಯ್ಲೆಟ್ ಹತ್ತಿರ, ಸ್ಕೂಲ್ ವ್ಯಾನಿನ ಹಿಂದಿನ ಸೀಟಿನ ಹತ್ತಿರ ದೊಡ್ಡವರು ಯಾರಾದರೂ ಇರ್ತಾರಾ ಅಂತ ಕೇಳಿ. ನನ್ನ ಮಗನನ್ನು ಆ ಹುಡುಗರ ಎದುರಿಗೆ ಯಾವ ಕಾರಣಕ್ಕೂ ನಿಲ್ಲಿಸಬಾರದು, ಅವನ ಹೆಸರು, ನನ್ನ ಹೆಸರು ಎತ್ತಬಾರದು ಅಂತ ಬರೆದು ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸಿಕೊಳ್ಳಿ. ಎರಡು ವಾರ ಬಿಟ್ಟು ಮತ್ತೆ ಹೋಗಿ, ಮತ್ತೆ ಎರಡು ವಾರ ಬಿಟ್ಟು ಹೋಗಿ. ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ನನ್ನ ಹತ್ತಿರ ಆ ತಾಯಿ ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಬಂದಿದ್ದರೆ ಅಂತ ಈಗಲೂ ಅಂದುಕೊಳ್ಳುತ್ತೇನೆ. ಯಾಕೆ ಬರುತ್ತಾರೆ ಹೇಳಿ, ಮಾತು ತಪ್ಪಿದವನ ಹತ್ತಿರ?

ಒಂದು ವಿಷಯದಲ್ಲಿ ಮಾತ್ರ ನಿಧಾನ ಬೇಡ. ಬಟ್ಟೆ ಎಳೆಯೋದು, ಮುಟ್ಟಬಾರದ ಕಡೆ ಮುಟ್ಟೋದು, ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡೋದು ಇದ್ದರೆ ಅದು ಶಾಲೆಯ ಒಳಗೆ ಬಗೆಹರಿಸೋ ವಿಷಯವೇ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋಕೆ ಇರೋ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಬೇರೆ ಏನೇ ಇದ್ದರೂ, ಶಾಲೆಯವರು ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಆ ನಂಬರನ್ನು ನಮ್ಮ ಶಾಲೆ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೆವು. ಅದರ ಕೆಳಗೇ ಆ ಹುಡುಗನನ್ನು ಒತ್ತಿ ನಿಲ್ಲಿಸುತ್ತಿದ್ದದ್ದು.

ಅವತ್ತು ಬೆರಳು ಹಿಚುಕಿದ ಹುಡುಗ ಈಗ ನಮ್ಮೂರಲ್ಲೇ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ. ಒಳ್ಳೆ ಕೆಲಸಗಾರ, ನನ್ನ ಸ್ಕೂಟರ್ ರಿಪೇರಿಗೆ ದುಡ್ಡು ತಗೊಳ್ಳಲ್ಲ. ಎರಡು ವರ್ಷದ ಹಿಂದೆ ಆ ಹುಡುಗನ ಹೆಸರು ಹೇಳಿ, ನೆನಪಿದ್ಯೇನೋ ಅಂತ ಕೇಳಿದೆ. ತಲೆ ಕೆರೆದುಕೊಂಡ. ನಿಮ್ ಕ್ಲಾಸೇ ಕಣೋ, ಹಾಲು ಹಾಕಿ ಬರೋನು ಅಂದೆ. "ಓ, ಡೇರಿನಾ ಸಾರ್?" ಅಂತ ನಕ್ಕ. ಅವನಲ್ಲಿ ವಿಷ ಇರಲಿಲ್ಲ. ಹೆಸರು ನಿಜಕ್ಕೂ ನೆನಪಿರಲಿಲ್ಲ.

ಕೊನೆಯಲ್ಲಿ ಮಗನನ್ನು ಕರಾಟೆಗೆ ಸೇರಿಸಲಾ ಅಂತ ಕೇಳಿದ್ದೀರಿ. ಅವನಿಗೆ ಇಷ್ಟ ಇದ್ದರೆ ಸೇರಿಸಿ, ಇದಕ್ಕೋಸ್ಕರ ಅಂತ ಬೇಡ. ನಾಳೆ ಬೆಳಿಗ್ಗೆ ಮೊದಲು ಆ ಕ್ಲಾಸ್ ಟೀಚರಿಗೆ ಫೋನ್ ಮಾಡಿ, ನಾಲ್ಕು ಜನರನ್ನು ಒಟ್ಟಿಗೆ ಕೂರಿಸೋ ಆ ಮೀಟಿಂಗ್ ನಿಲ್ಲಿಸಿ.